ಸೋತ ರಾತ್ರಿಯ ಪಾಳಿ

ಅಣ್ಣನ ಮಗ ಡಿಗ್ರಿ ಮುಗಿಸಿ ಬೆಂಗಳೂರಿನ ಒಂದು ಡಿಜಿಟಲ್ ಕಂಪನಿಗೆ ಸೇರಿದ್ದಾನೆ. ಒಂದು ಕ್ರೀಡಾ ತಂಡದ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳನ್ನು ನೋಡಿಕೊಳ್ಳುವ ಕೆಲಸ. ಹೋದ ತಿಂಗಳು ರಾತ್ರಿ ಹೊತ್ತು ಮೀರಿ ಫೋನ್ ಮಾಡಿದ. "ಅತ್ತೆ, ಮಲಗಿದ್ರಾ? ಒಂದು ಕಾಮೆಂಟ್ ಬಂದಿದೆ. ಬೈಗುಳ ಏನಿಲ್ಲ ಅದರಲ್ಲಿ. ಆದ್ರೆ ಓದಿದ್ರೆ ಹೊಟ್ಟೆ ತೊಳಸುತ್ತೆ. ಹೈಡ್ ಮಾಡ್ಲಾ, ಡಿಲೀಟ್ ಮಾಡ್ಲಾ, ಬಿಟ್ಬಿಡ್ಲಾ?"

ಓದು ಎಂದೆ. ಓದಿದ. ಕೊನೆಯ ಓವರಿನಲ್ಲಿ ಕ್ಯಾಚ್ ಬಿಟ್ಟ ಹುಡುಗನ ಊರು, ಅವನ ಮನೆ ಇರುವ ಬೀದಿಯ ಗುರುತು, ಪಕ್ಕದ ದೇವಸ್ಥಾನ. ಕೆಳಗೆ ಒಂದು ಸಾಲು: ಹತ್ತಿರದವರು ಯಾರಾದ್ರೂ ಹೋಗಿ ವಿಚಾರಿಸ್ಕೊಂಡು ಬನ್ನಿ. "ಮೊದಲು ಸ್ಕ್ರೀನ್‌ಶಾಟ್ ತೆಗಿ. ನಿಮ್ಮ ಮ್ಯಾನೇಜರ್‌ಗೂ ತಂಡದ ಕಡೆಯವರಿಗೂ ಕಳಿಸು. ಆಮೇಲೆ ಡಿಲೀಟ್ ಮಾಡಿ ಆ ಮನುಷ್ಯನನ್ನ ಬ್ಯಾನ್ ಮಾಡು" ಎಂದೆ. ಕೆಲಸ ಬಿಟ್ಟು ವರ್ಷಗಳಾದರೂ ಮಾತು ತಡವರಿಸದೆ ಬಂತು. ಆ ರಾತ್ರಿ ಮತ್ತೆ ನಿದ್ದೆ ಹತ್ತಲಿಲ್ಲ.

ನಾನು ಅಂಥದೇ ಒಂದು ಏಜೆನ್ಸಿಯಲ್ಲಿ ಅದೇ ಕೆಲಸಕ್ಕೆ ಸೇರಿದ್ದು 2015ರಲ್ಲಿ. ಕೋರಮಂಗಲದ ಅಡ್ಡರಸ್ತೆಯೊಂದರ ಮೂರನೇ ಮಹಡಿ, ಕೆಳಗೆ ದರ್ಶಿನಿ, ಪಕ್ಕದಲ್ಲಿ ಜೆರಾಕ್ಸ್ ಅಂಗಡಿ. ಬೇಸಿಗೆಯಲ್ಲಿ ಒಂದು ಟ್ವೆಂಟಿ-20 ಕ್ರಿಕೆಟ್ ತಂಡ, ಅದು ಮುಗಿದ ಮೇಲೆ ಒಂದು ಕಬಡ್ಡಿ ತಂಡ. ಎರಡೂ ಕರ್ನಾಟಕದವಲ್ಲ. ಹೆಸರು ಇಲ್ಲಿ ಬೇಡ. ಕ್ರಿಕೆಟ್ ತಂಡದಲ್ಲಿ ನಮ್ಮ ಕಡೆಯ ಆಟಗಾರರಿದ್ದರು, ಅವರ ಫೋಟೊ ಹಾಕಿದ ದಿನ ಕನ್ನಡದ ಕಾಮೆಂಟುಗಳು ಸುರಿಯುತ್ತಿದ್ದವು. ಅದಕ್ಕೇ ನನ್ನನ್ನು ತೆಗೆದುಕೊಂಡಿದ್ದು. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಎಷ್ಟು ಬೇಗ ಓದುತ್ತೀರಿ? ಏನನ್ನು ಓದಬೇಕಾಗುತ್ತದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಉದ್ದನೆಯ ಒಂದೇ ಮೇಜು. ನನ್ನ ಎಡಕ್ಕೆ ಕೊಲ್ಲಂನ ಹುಡುಗ, ಎದುರಿಗೆ ಗುಂಟೂರಿನ ಹುಡುಗಿ, ಅವಳ ಪಕ್ಕ ಕಾನ್ಪುರದವನು. ಅವರವರ ನುಡಿಯ ಬೈಗುಳ ಅವರವರ ಪಾಲಿಗೆ. ನಮ್ಮಲ್ಲಿ ಯಾರಿಗೂ ಮೂವತ್ತು ದಾಟಿರಲಿಲ್ಲ. ತಂಡದ ಜಾಹೀರಾತು, ವಿಡಿಯೊ, ಸಂದರ್ಶನಗಳಿಗೆ ಅನುಭವಸ್ಥರಿದ್ದರು. ಕಾಮೆಂಟಿಗೆ ಮಾತ್ರ ಹೊಸಬರು, ಕಡಿಮೆ ಸಂಬಳದವರು. ಆಗ ಅದು ಸಹಜವಾಗಿ ಕಾಣುತ್ತಿತ್ತು. ಈಗ ಯೋಚಿಸಿದರೆ, ಲಕ್ಷಾಂತರ ಜನ ಬಂದು ಹೋಗುವ ಒಂದು ಅಂಗಳದ ಜವಾಬ್ದಾರಿಯನ್ನು ಅಷ್ಟು ಎಳೆಯರ ಮೇಲೆ ಹೊರಿಸಿ, ದೊಡ್ಡವರೆಲ್ಲ ಹತ್ತು ಗಂಟೆಗೆ ಮನೆಗೆ ಹೋಗುತ್ತಿದ್ದರು ಎಂಬುದು ಸಿಟ್ಟು ತರಿಸುತ್ತದೆ.

ಕೈಯಲ್ಲಿದ್ದ ಸಲಕರಣೆಯೂ ಅಷ್ಟಕ್ಕಷ್ಟೆ. ಫೇಸ್‌ಬುಕ್ ಪುಟದಲ್ಲಿ ಬೇಡದ ಪದಗಳ ಪಟ್ಟಿ ಹಾಕಿಡಬಹುದಿತ್ತು, ಆ ಪದ ಬಂದ ಕಾಮೆಂಟು ತಾನಾಗಿ ಮರೆಯಾಗುತ್ತಿತ್ತು. ನಾವೇ ಹೈಡ್ ಮಾಡಿದರೆ ಬರೆದವನಿಗೂ ಅವನ ಸ್ನೇಹಿತರಿಗೂ ಅದು ಕಾಣುತ್ತಲೇ ಇರುತ್ತದೆ, ಉಳಿದವರಿಗೆ ಕಾಣುವುದಿಲ್ಲ. ತನ್ನ ಮಾತು ಮರೆಯಾಯಿತೆಂದು ಅವನಿಗೆ ತಿಳಿಯುವುದಿಲ್ಲವಾದ್ದರಿಂದ ಮತ್ತೆ ಬಂದು ಬರೆಯುವುದೂ ಕಡಿಮೆ. ಹಾಗಾಗಿ ಡಿಲೀಟಿಗಿಂತ ಹೈಡ್ ವಾಸಿ ಎಂದು ಬೇಗ ಕಲಿತೆವು. ಇನ್‌ಸ್ಟಾಗ್ರಾಂನಲ್ಲಿ ನಮ್ಮದೇ ಪದಪಟ್ಟಿ ಹಾಕುವ ಸೌಲಭ್ಯ ಎಲ್ಲರಿಗೂ ಸಿಕ್ಕಿದ್ದು 2016ರ ಸೆಪ್ಟೆಂಬರಿನಲ್ಲಿ. ಟ್ವಿಟರ್‌ನಲ್ಲಿ ಬಂದ ಉತ್ತರವನ್ನು ಮರೆಮಾಡುವ ಅವಕಾಶ ಎಲ್ಲ ಕಡೆ ಬಂದಿದ್ದು 2019ರ ನವೆಂಬರಿನಲ್ಲಿ. ಅಲ್ಲಿಯವರೆಗೆ ಟ್ವಿಟರ್ ಎಂದರೆ ಕೈಕಟ್ಟಿ ಕೂತು ಓದುವುದು, ರಿಪೋರ್ಟ್ ಒತ್ತುವುದು.

ಪದಪಟ್ಟಿಯ ಎಕ್ಸೆಲ್ ಹಾಳೆ ಸೀಸನ್ನಿನಿಂದ ಸೀಸನ್ನಿಗೆ ಬೆಳೆಯುತ್ತಿತ್ತು. ಒಂದೇ ಬೈಗುಳವನ್ನು ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಬಗೆಯಾಗಿ ಬರೆಯಬಹುದು. ನಡುವೆ ಚುಕ್ಕಿ ಇಡುತ್ತಾರೆ, ನಕ್ಷತ್ರ ಹಾಕುತ್ತಾರೆ, ಅಕ್ಷರದ ಜಾಗದಲ್ಲಿ ಅಂಕಿ ತೂರಿಸುತ್ತಾರೆ. ನಾನು ಸಂಜೆ ಕಾಫಿ ಕುಡಿಯುತ್ತ ಹುಟ್ಟೂರಿನ ಬೈಗುಳಗಳ ಕಾಗುಣಿತ ಬರೆಯುತ್ತ ಕೂರುತ್ತಿದ್ದೆ. ಮನೆಗೆ ಫೋನ್ ಮಾಡಿದಾಗ ಅವ್ವ "ಏನ್ ಕೆಲ್ಸ ಮಗ ನಿಂದು?" ಅಂದರೆ "ಕಂಪ್ಯೂಟರಲ್ಲಿ ಬರ್ಯೋದು" ಎನ್ನುತ್ತಿದ್ದೆ.

ಪಟ್ಟಿ ಎಷ್ಟೇ ಉದ್ದವಾದರೂ ಸಾಲುತ್ತಿರಲಿಲ್ಲ. ನಮ್ಮ ಮಂಡ್ಯದ ಕಡೆಯವನೊಬ್ಬ ಸಿಕ್ಸರ್ ಕಂಡು ಖುಷಿಯಿಂದ "ಎಂಗ್ ವಡ್ದ ನೋಡ್ಲಾ ಬಡ್ಡೆತ್ತದು" ಎಂದು ಬರೆದರೆ ಪಟ್ಟಿ ಅದನ್ನು ನುಂಗಿಬಿಡುತ್ತಿತ್ತು. ಅದೇ "ಇವನ್ಯಾವ ಕೋಟಾದಲ್ಲಿ ಬಂದೋನು?" ಎಂಬ ಪ್ರಶ್ನೆ ಸಲೀಸಾಗಿ ಹಾದು ಮೇಲೆ ಕೂರುತ್ತಿತ್ತು, ಅದಕ್ಕೆ ನೂರಾರು ಲೈಕು. ನಮ್ಮ ನಿಯಮದ ಹಾಳೆ ಯಾವುದೋ ವಿದೇಶಿ ಕ್ಲಬ್ಬಿನ ನಿಯಮದಿಂದ ಎತ್ತಿದ್ದು. ಅದರಲ್ಲಿ ಜನಾಂಗ, ಮೈಬಣ್ಣ, ಧರ್ಮ, ಲಿಂಗ ಎಂಬ ಕಾಲಂಗಳಿದ್ದವು. ಜಾತಿ ಇರಲಿಲ್ಲ. ನಾನು ಒಂದು ವಾರದ ಸ್ಕ್ರೀನ್‌ಶಾಟ್‌ಗಳನ್ನು ಜೋಡಿಸಿ ಮೇಲ್ ಬರೆದೆ. ಮೀಟಿಂಗಿನಲ್ಲಿ ಬಂದ ಪ್ರಶ್ನೆ: "ಇದರಲ್ಲಿ ಬೈಗುಳ ಎಲ್ಲಿದೆ?" ಕಾನ್ಪುರದವನು ತನ್ನ ಪಾಲಿನದನ್ನೂ ತಂದು ತೋರಿಸಿದ. ಗುಂಟೂರಿನವಳು ತೋರಿಸಿದಳು. ಆಟಗಾರನ ಕೊನೆಯ ಹೆಸರನ್ನು ಹಿಡಿದು ಜಗ್ಗುವವರು, ಅಪ್ಪನ ಕಸುಬು ಕೇಳುವವರು, ಮೀಸಲಾತಿಯ ಮಾತು ತೆಗೆದು ನಗುವ ಚಿತ್ರ ಹಾಕುವವರು. ಕಡೆಗೆ ಕಾಲಂ ಸೇರಿತು. ಆ ಕೆಲಸದಲ್ಲಿ ನನಗೆ ಈಗಲೂ ಹೆಮ್ಮೆ ಎನಿಸುವುದು ಅದೊಂದು ಕಾಲಂ.

2021ರ ಆಗಸ್ಟಿನಲ್ಲಿ ಅದು ಮತ್ತೆ ನೆನಪಾಯಿತು. ಟೋಕಿಯೊ ಒಲಿಂಪಿಕ್ಸಿನ ಹಾಕಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ಮೂರು ಗೋಲು ಹೊಡೆದು, ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಭಾರತೀಯ ಮಹಿಳೆ ಎನಿಸಿದ್ದರು ವಂದನಾ ಕಟಾರಿಯಾ. ಕೆಲವೇ ದಿನದಲ್ಲಿ ತಂಡ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾಕ್ಕೆ ಸೋತಿತು. ಹರಿದ್ವಾರದ ಬಳಿಯ ರೋಶನಾಬಾದಿನಲ್ಲಿ ಅವರ ಮನೆಯ ಮುಂದೆ ಪಟಾಕಿ ಹಚ್ಚಿ, ಜಾತಿ ಎತ್ತಿ ನಿಂದಿಸಿದರೆಂದು ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ನಮ್ಮ ಪರದೆಯ ಮೇಲೆ ನಗುವ ಚಿತ್ರದ ಜೊತೆ ಬರುತ್ತಿದ್ದ ಮಾತುಗಳೇ ಅಲ್ಲಿ ಬಾಗಿಲವರೆಗೆ ನಡೆದು ಬಂದಿದ್ದವು.

ಬೈಗುಳ ಎದುರಾಳಿ ತಂಡದವರಿಂದ ಬರುತ್ತದೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಅದು ಬರುತ್ತಿತ್ತು, ಆದರೆ ಹಗುರ. ಒಂದೆರಡು ಗೇಲಿ, ಒಂದು ಚಿತ್ರ, ಹೊರಟುಹೋಗುತ್ತಿದ್ದರು. ಕರುಳು ಹಿಂಡುವುದು ನಮ್ಮವರದ್ದೇ. ಪ್ರೊಫೈಲ್ ಚಿತ್ರದಲ್ಲಿ ನಮ್ಮ ತಂಡದ ಜೆರ್ಸಿ ತೊಟ್ಟವನು, ನಾಲ್ಕು ದಿನದ ಹಿಂದೆ ಅದೇ ಬೌಲರನ್ನು ಸಿಂಹ ಎಂದವನು, ಇಂದು ಅವನ ತಾಯಿಯ ಬಗ್ಗೆ ಬರೆಯುತ್ತಿದ್ದ. ಗಂಡಸರ ಆಟ, ಗಂಡಸರ ಸೋಲು, ಬೈಗುಳದಲ್ಲಿ ಮಾತ್ರ ಹೆಂಗಸರು. ನಾನು ಹೆಂಗಸಾಗಿ ಕೂತು ರಾತ್ರಿಯೆಲ್ಲ ಅದನ್ನು ಓದಬೇಕಿತ್ತು.

ಇದರ ಜೊತೆಗೆ ನಮ್ಮ ಪುಟವೇ ಮಾಡುತ್ತಿದ್ದ ಒಂದು ಕೆಲಸವಿತ್ತು. ಸೋತ ಅರ್ಧ ಗಂಟೆಯಲ್ಲಿ ಕ್ಯಾಚ್ ಬಿಟ್ಟ ಕ್ಷಣದ ಚಿತ್ರ ಹಾಕಿ, "ಇಂದಿನ ಪಂದ್ಯ ಕೈತಪ್ಪಿದ್ದು ಎಲ್ಲಿ? ಕಾಮೆಂಟ್ ಮಾಡಿ" ಎಂದು ಕೇಳುವುದು. ಸಾವಿರಗಟ್ಟಲೆ ಉತ್ತರ. ತಿಂಗಳ ವರದಿಯಲ್ಲಿ ಅಂಕಿ ಏರುತ್ತಿತ್ತು, ಕ್ಲೈಂಟಿಗೆ ಖುಷಿ. ಒಂದು ಕೋಣೆಯಲ್ಲಿ ಆ ಪ್ರಶ್ನೆ ಬರೆಯುವವರು, ಪಕ್ಕದ ಕೋಣೆಯಲ್ಲಿ ಅದಕ್ಕೆ ಬಂದ ಹೊಲಸನ್ನು ಬಾಚುವ ನಾವು. ಆ ಪೋಸ್ಟ್ ಬೇಡವೆಂದು ಕೇಳಿಕೊಂಡಾಗಲೆಲ್ಲ ಸಿಗುತ್ತಿದ್ದ ಉತ್ತರ, ಅಭಿಮಾನಿಗಳಿಗೆ ಮಾತಾಡಲು ಜಾಗ ಬೇಕಲ್ಲ ಎಂದು. ಜಾಗ ಬೇಕು ನಿಜ. ಟೀಕೆಯನ್ನು ನಾವು ಮುಟ್ಟುತ್ತಲೂ ಇರಲಿಲ್ಲ. ಬೌಲಿಂಗ್ ಬದಲಾವಣೆ ಸರಿಯಿಲ್ಲ, ಈ ದುಡ್ಡಿಗೆ ಈ ಆಟಗಾರ ದಂಡ, ಕೋಚ್ ಮನೆಗೆ ಹೋಗಲಿ, ಎಲ್ಲ ಹಾಗೇ ಇರುತ್ತಿದ್ದವು. ಆದರೆ ಸೋತವನ ಮುಖವನ್ನು ಜನರ ಮುಂದೆ ಹಿಡಿದು ಮಾತಾಡಿ ಎನ್ನುವುದಕ್ಕೆ ಅಭಿಮಾನಿಗಳ ಹೆಸರು ಬಳಸುವುದು ನನಗೆ ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಇಲ್ಲ.

ಒಂದು ರಾತ್ರಿಯ ವಿಷಯ ಹೇಳಬೇಕು. ಹೊಸ ಬೌಲರ್, ಹಳ್ಳಿಯ ಹುಡುಗ, ಕೊನೆಯ ಓವರಿನಲ್ಲಿ ರನ್ ಸೋರಿಸಿಬಿಟ್ಟ. ಕಾಮೆಂಟು ಧಾರೆಯಾಗಿ ಬರುತ್ತಿತ್ತು. ಹೈಡ್ ಒತ್ತುತ್ತ ಹೋಗುವಾಗ ಒಂದೇ ಹೆಸರು ಮತ್ತೆ ಮತ್ತೆ ಕಂಡಿತು. ಹುಡುಗಿ, ಬೌಲರನ ಮನೆತನದ ಹೆಸರೇ ಅವಳದ್ದೂ, ಪ್ರೊಫೈಲಿನಲ್ಲಿ ಇಬ್ಬರು ಮಕ್ಕಳು ಹಬ್ಬದ ಬಟ್ಟೆಯಲ್ಲಿ ನಿಂತ ಹಳೆಯ ಫೋಟೊ. ಬೈದ ಒಬ್ಬೊಬ್ಬನ ಕೆಳಗೂ ಅವಳ ಉತ್ತರ. ಭಯ್ಯಾ, ಹಾಗನ್ನಬೇಡಿ. ಭಯ್ಯಾ, ಅವನು ತುಂಬಾ ಕಷ್ಟಪಟ್ಟಿದ್ದಾನೆ. ಭಯ್ಯಾ, ಅಮ್ಮನ ಸುದ್ದಿ ಬೇಡ, ಅವರೂ ನೋಡುತ್ತಾರೆ. ಅವಳಿಗೂ ಬೈಗುಳ ಶುರುವಾಯಿತು, ಆದರೂ ನಿಲ್ಲಿಸಲಿಲ್ಲ. ನಮ್ಮ ನಾಲ್ವರಿಗೂ ಅವಳಷ್ಟು ವೇಗವಾಗಿ ಕೆಲಸ ಮಾಡಲಾಗಲಿಲ್ಲ.

ಒಂದು ಕಾಮೆಂಟನ್ನು ಹೈಡ್ ಮಾಡಿದರೆ ಅದರ ಕೆಳಗಿನ ಉತ್ತರಗಳೂ ಜೊತೆಗೆ ಮರೆಯಾಗುತ್ತವೆ. ಬೈಗುಳದ ಜೊತೆ ಅವಳ ಮಾತೂ ಹೋಗುತ್ತಿತ್ತು. ಅಣ್ಣನ ಪರವಾಗಿ ಆ ಪುಟದಲ್ಲಿ ನಿಂತಿದ್ದ ಒಂದೇ ಒಂದು ದನಿಯನ್ನು ಅಣ್ಣನ ತಂಡದ ಹೆಸರಿನಲ್ಲಿ ನಾವೇ ಅಳಿಸುತ್ತ ಹೋದೆವು. ಬೇರೆ ದಾರಿ ಇರಲಿಲ್ಲ. ಕೊಲ್ಲಂನ ಹುಡುಗ ಎದ್ದು ಬಾಲ್ಕನಿಗೆ ಹೋಗಿ ನಿಂತ. ಬೆಳಗಿನ ಜಾವ ಕೆಳಗೆ ದರ್ಶಿನಿಯವರು ಶಟರ್ ಎತ್ತುವವರೆಗೆ ಮಿಕ್ಕವರು ಕೂತೇ ಇದ್ದೆವು.

ಅಂಥ ರಾತ್ರಿಗಳಲ್ಲಿ ನನಗೆ ನಮ್ಮೂರಿನ ಮೈಕ್ ಮಾವ ನೆನಪಾಗುತ್ತಿದ್ದ. ಮದ್ದೂರಿನ ಕಡೆಯ ಹಳ್ಳಿ ನಮ್ಮದು. ಸುಗ್ಗಿ ಮುಗಿದ ಮೇಲೆ ಹೊನಲು ಬೆಳಕಿನ ಕಬಡ್ಡಿ. ಗದ್ದೆ ಬಯಲಿನಲ್ಲಿ ಬೊಂಬು ನೆಟ್ಟು ಹ್ಯಾಲೊಜನ್ ದೀಪ ಕಟ್ಟುವರು, ಪಕ್ಕದಲ್ಲಿ ಜನರೇಟರ್, ಗೆದ್ದವರಿಗೆ ನಗದು ಮತ್ತು ಟಗರು. ಮಾವ ಸೊಸೈಟಿಯಲ್ಲಿ ಗುಮಾಸ್ತ. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಮೈಕಿನ ಬಾಯಿಗೆ ಕರ್ಚೀಫು ಸುತ್ತಿ ಹಿಡಿಯುತ್ತಿದ್ದ. ಹೆಣ್ಣುಮಕ್ಕಳು ಬಯಲಿಗೆ ಹೋಗುವ ಹಾಗಿರಲಿಲ್ಲ. ನಾವೆಲ್ಲ ತಾರಸಿಯ ಮೇಲೆ ಚಾಪೆ ಹಾಸಿ ಕೂತು ನೋಡುತ್ತಿದ್ದೆವು. ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ರೈಡರ್ ಯಾರು, ಹಿಡಿದವರು ಯಾರು, ಪಾಯಿಂಟ್ ಎಷ್ಟು, ಎಲ್ಲ ಮಾವನ ಗಂಟಲಿನಿಂದಲೇ ತಿಳಿಯಬೇಕು.

ಆಟ ಬಿಸಿಯಾದಾಗ ಜನ ಕೂಗುತ್ತಿದ್ದರು, ಬೈಯುತ್ತಿದ್ದರು. ತಾಯಿ ಅಕ್ಕಂದಿರ ಹೆಸರು ಎತ್ತಿದ ಕೂಡಲೇ ಮಾವ ಆಟ ನಿಲ್ಲಿಸುತ್ತಿದ್ದ. "ಯಾರ್ಲಾ ಅದು ಹಿಂದ್ಗಡೆ? ನೀನು ಯಾರ ಮಗ ಅಂತ ನಂಗೊತ್ತು. ನಿಮ್ಮವ್ವ ಅಲ್ಲಿ ತಾರಸಿ ಮೇಲೆ ಕುಂತವ್ಳೆ, ಕೇಳಿಸ್ಕತಾವ್ಳೆ. ಇನ್ನೊಂದ್ ಕಿತ ಆ ಮಾತು ಬಂದ್ರೆ ಜನರೇಟರ್ ಆಫ್ ಮಾಡ್ಸಿ ಎಲ್ಲಾರ್ನೂ ಮನೆಗೆ ಕಳಿಸ್ಬುಡ್ತೀನಿ." ಬಯಲು ತಣ್ಣಗಾಗುತ್ತಿತ್ತು. ನಾನು ಅವನನ್ನು ದೇವರಂತೆ ಕಂಡವಳು. ಏಜೆನ್ಸಿಯ ಮೇಜಿನ ಮುಂದೆ ಕೂತು, ಇಲ್ಲಿ ನಮಗೊಬ್ಬ ಮೈಕ್ ಮಾವ ಬೇಕಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. 2018ರ ಜೂನಿನಲ್ಲಿ ಫುಟ್‌ಬಾಲ್ ನಾಯಕ ಸುನಿಲ್ ಚೆಟ್ರಿ ವಿಡಿಯೊ ಮಾಡಿ, ನಮ್ಮನ್ನು ಇಂಟರ್ನೆಟ್ಟಿನಲ್ಲಿ ಟೀಕಿಸುವವರು ಮೈದಾನಕ್ಕೆ ಬನ್ನಿ, ಬೈಯುವುದಿದ್ದರೂ ನಮ್ಮೆದುರೇ ಬೈಯಿರಿ ಎಂಬರ್ಥದಲ್ಲಿ ಕೇಳಿಕೊಂಡಾಗ, ಮುಖ ಕಾಣುವ ಕಡೆ ಬೈಗುಳಕ್ಕೂ ಒಂದು ಮಿತಿ ಇರುತ್ತದೆ ಎಂದು ನಾನೂ ನಂಬಿದ್ದೆ.

ಜಾತಿಯ ಕಾಲಂಗಾಗಿ ಆ ಸ್ಕ್ರೀನ್‌ಶಾಟ್ ಜೋಡಿಸುತ್ತಿದ್ದ ವಾರದಲ್ಲೇ ಮರೆತೇಹೋಗಿದ್ದ ಇನ್ನೊಂದು ಸಂಗತಿ ಮೇಲೆ ಬಂತು. ಕೇರಿಯ ಹುಡುಗರ ತಂಡವೂ ಆಡಲು ಬರುತ್ತಿತ್ತು. ಗಟ್ಟಿ ಆಟಗಾರರು, ಒಂದು ವರ್ಷ ಟಗರು ಹೊಡೆದುಕೊಂಡು ಹೋದರು. ಅವರು ಅಂಕಣಕ್ಕೆ ಇಳಿದಾಗ ಹಿಂದಿನ ಸಾಲಿನಿಂದ ಕೆಲವು ಮಾತು ಬರುತ್ತಿದ್ದವು. ಕೂಗಿ ಹೇಳುವುದಲ್ಲ, ಕೇಳಿಸಬೇಕಾದವರಿಗೆ ಕೇಳಿಸುವಷ್ಟು. ತಾರಸಿಗೂ ಕೇಳುತ್ತಿತ್ತು. ಆಗ ಮಾವ ಆಟ ನಿಲ್ಲಿಸಿದ್ದು ನನಗೆ ನೆನಪಿಲ್ಲ. "ಟೈಮ್ ಆಯ್ತು, ಬಿರ್ರನೆ ಸುರು ಮಾಡ್ರಪ್ಪ" ಅನ್ನುತ್ತಿದ್ದ, ಅಷ್ಟೆ. ಅವರು ಯಾಕೆ ಹಾಗಂತಾರೆ ಎಂದು ನಾನು ಕೇಳಿದಾಗ ಅವ್ವ "ಅದೆಲ್ಲ ನಿಂಗ್ಯಾಕೆ, ಆಟ ನೋಡು" ಎಂದಳು.

ಮಾವನನ್ನು ನಾನು ಈಗಲೂ ಪ್ರೀತಿಸುತ್ತೇನೆ. ನಮ್ಮ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಮೊದಲು ಬಂದು ಕೂತವನು ಅವನು. ಆದರೆ ಅವನ ಮೈಕು ಕಾಪಾಡಿದ್ದು ತಾರಸಿಯ ಮೇಲೆ ಕೂತವರ ಮರ್ಯಾದೆಯನ್ನು. ಅಂಕಣದೊಳಗಿದ್ದ ಆ ಹುಡುಗರ ಮರ್ಯಾದೆ ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಅವನ ಹಾಳೆಯಲ್ಲೂ ಆ ಕಾಲಂ ಇರಲಿಲ್ಲ. ಮುಖ ಕಂಡರೆ, ಹೆಸರು ಗೊತ್ತಿದ್ದರೆ ಜನ ನಾಲಗೆ ಬಿಗಿಹಿಡಿಯುತ್ತಾರೆ ಎಂಬ ನನ್ನ ನಂಬಿಕೆ ಅಲ್ಲಿಗೆ ಅರ್ಧ ಮುರಿಯಿತು. ಆ ಹಿಂದಿನ ಸಾಲಿನವರ ಮುಖ ಎಲ್ಲರಿಗೂ ಗೊತ್ತಿತ್ತು. ಯಾರ ಮಕ್ಕಳು ಎಂದೂ ಗೊತ್ತಿತ್ತು.

ಉಳಿದರ್ಧವನ್ನು ಮುರಿದದ್ದು ಆಮೇಲಿನ ವರ್ಷಗಳ ಸುದ್ದಿಗಳು. 2021ರ ಅಕ್ಟೋಬರಿನಲ್ಲಿ ದುಬೈನಲ್ಲಿ ಪಾಕಿಸ್ತಾನದ ಎದುರು ಭಾರತ ಹತ್ತು ವಿಕೆಟ್‌ಗಳಿಂದ ಸೋತಾಗ ಹನ್ನೊಂದು ಜನರಲ್ಲಿ ಮೊಹಮ್ಮದ್ ಶಮಿಯೊಬ್ಬರನ್ನೇ ಆರಿಸಿ ಧರ್ಮದ ಹೆಸರಿನಲ್ಲಿ ಹಳಿದರು. ವಿರಾಟ್ ಕೊಹ್ಲಿ ನಾಯಕರಾಗಿ ಅವರ ಪರ ನಿಂತು ಮಾತಾಡಿದರು. ಅದಾದ ಮೇಲೆ, ಇನ್ನೂ ವರ್ಷ ತುಂಬದ ಕೊಹ್ಲಿಯವರ ಮಗಳ ಬಗ್ಗೆಯೇ ಬೆದರಿಕೆಯ ಮಾತು ಬಂತು. ಆ ಪ್ರಕರಣದಲ್ಲಿ ಮುಂಬೈ ಪೊಲೀಸರು ಬಂಧಿಸಿದ್ದು ಇಂಜಿನಿಯರಿಂಗ್ ಓದಿದ ಯುವಕನನ್ನು. ಮರು ವರ್ಷ ಏಷ್ಯಾ ಕಪ್ಪಿನಲ್ಲಿ ಒಂದು ಕ್ಯಾಚ್ ಬಿಟ್ಟ ಅರ್ಷದೀಪ್ ಸಿಂಗ್‌ಗೆ ಖಾಲಿಸ್ತಾನಿ ಎಂಬ ಪಟ್ಟ. ಪ್ರತಿ ಸಲವೂ ಸೋಲು ಒಂದು ನೆಪ. ಯಾರ ಮೇಲೆ ಬೀಳಬೇಕು ಎನ್ನುವುದು ಮೊದಲೇ ನಿಶ್ಚಯವಾಗಿರುತ್ತದೆ.

ಎಲ್ಲಕ್ಕಿಂತ ನನ್ನನ್ನು ಚುಚ್ಚಿದ್ದು 2023ರ ಮೇ 21. ಚಿನ್ನಸ್ವಾಮಿಯಲ್ಲಿ ಕೊಹ್ಲಿ ಶತಕ ಹೊಡೆದರು. ಶುಭಮನ್ ಗಿಲ್ ಅಜೇಯ 104 ಹೊಡೆದು ಗುಜರಾತ್ ಟೈಟನ್ಸನ್ನು ಗೆಲ್ಲಿಸಿದರು, ಆರ್‌ಸಿಬಿ ಪ್ಲೇಆಫ್‌ನಿಂದ ಹೊರಬಿತ್ತು. ಆ ರಾತ್ರಿ ಮೈದಾನಕ್ಕೆ ಬಂದಿದ್ದ ಗಿಲ್ ಅವರ ಸಹೋದರಿಯ ಇನ್‌ಸ್ಟಾಗ್ರಾಂ ಪುಟಕ್ಕೆ ಆರ್‌ಸಿಬಿ ಅಭಿಮಾನಿಗಳೆಂದು ಹೇಳಿಕೊಂಡವರು ನುಗ್ಗಿ ಬರೆದದ್ದನ್ನು ಇಲ್ಲಿ ಹೇಳಲಾರೆ. ಅತ್ಯಾಚಾರದ ಬೆದರಿಕೆಯವರೆಗೂ ಹೋಗಿತ್ತು. ದೆಹಲಿಯ ಮಹಿಳಾ ಆಯೋಗ ಗಮನಿಸಬೇಕಾಯಿತು. ಅದು ನನ್ನ ನಗರದ ತಂಡ. ಸೋತರೂ ಬಿಡದೆ ಬೆನ್ನಿಗೆ ನಿಲ್ಲುವ ಅಭಿಮಾನಿಗಳು ಎಂದು ನಾವೆಲ್ಲ ಎದೆತಟ್ಟಿಕೊಂಡ ತಂಡ. ಅಣ್ಣನೋ ತಮ್ಮನೋ ಚೆನ್ನಾಗಿ ಆಡಿದ್ದಕ್ಕೆ ತಂಗಿಯೋ ಅಕ್ಕನೋ ಬೈಸಿಕೊಳ್ಳಬೇಕಾದರೆ ಅದನ್ನು ಅಭಿಮಾನವೆಂದು ಕರೆಯುವುದನ್ನು ನಾವು ನಿಲ್ಲಿಸಬೇಕು. ಅಂದು ರಾತ್ರಿ ನನ್ನ ಕಣ್ಣಮುಂದೆ ಇದ್ದದ್ದು ಹಬ್ಬದ ಬಟ್ಟೆಯ ಆ ಹಳೆಯ ಫೋಟೊ.

ಆ ಫೋಟೊದ ಹುಡುಗಿಯ ಅಣ್ಣನನ್ನು, ಅವಳು ಉತ್ತರ ಬರೆಯುತ್ತ ಕೂತ ಆ ಸೀಸನ್ನಿನಲ್ಲೇ ನಾನು ಕಂಡಿದ್ದೆ. ಜಾಹೀರಾತಿನ ಚಿತ್ರೀಕರಣಕ್ಕೆ ತಂಡದ ಕೆಲವರು ಬೆಂಗಳೂರಿಗೆ ಬಂದಿದ್ದರು. ಎತ್ತರದ, ಸಂಕೋಚದ ಹುಡುಗ. ಕುರ್ಚಿಯಿದ್ದರೂ ಕಿಟ್ ಬ್ಯಾಗಿನ ಮೇಲೆ ಕೂತಿದ್ದ. ಯಾರೋ ನನ್ನನ್ನು ತೋರಿಸಿ, ಕಾಮೆಂಟ್ ನೋಡಿಕೊಳ್ಳುವವರು ಇವರೇ ಎಂದರು. ಎದ್ದು ನಿಂತ. "ದೀದಿ, ಅದನ್ನೆಲ್ಲ ನೀವು ಓದಬೇಕಾ?" ಎಂದು ಕೇಳಿದ. ಹೌದು ಎಂದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ: ಅಮ್ಮನಿಗೆ ಓದಲು ಬರುವುದಿಲ್ಲ. ಪಂದ್ಯ ಮುಗಿದ ಮೇಲೆ ಪುಟ ತೆಗೆಸಿ ತಂಗಿಯ ಹತ್ತಿರ ಓದಿಸುತ್ತಾರೆ, ಜನ ನನ್ನ ಮಗನ ಬಗ್ಗೆ ಏನಂದರು ಎಂದು. ತಂಗಿ ಬೈಗುಳ ಬಿಟ್ಟು ಒಳ್ಳೆಯದನ್ನಷ್ಟೇ ಓದುತ್ತಾಳೆ. ಒಳ್ಳೆಯದು ಸಿಗದ ದಿನ ತಾನೇ ಕಟ್ಟಿ ಹೇಳುತ್ತಾಳೆ. "ಸೋತ ದಿನ ಒಳ್ಳೆಯದು ನಾಲ್ಕು ಮೇಲಕ್ಕೆ ಬರುವ ಹಾಗೆ ಮಾಡೋಕಾಗುತ್ತಾ ದೀದಿ? ಅವಳಿಗೆ ಹುಡುಕೋದು ತಪ್ಪುತ್ತೆ."

ಆಗುತ್ತಿತ್ತು. ಪುಟದ ಹೆಸರಿನಿಂದ ನಾವು ಲೈಕ್ ಒತ್ತಿ ಉತ್ತರ ಬರೆದ ಕಾಮೆಂಟು ಮೇಲಕ್ಕೆ ಏರುತ್ತದೆ. ನಮಗೆ ಮೊದಲಿನಿಂದಲೂ ಗೊತ್ತಿದ್ದ ವಿಷಯ, ಆದರೆ ಗೆದ್ದ ದಿನ ಮಾತ್ರ ಮಾಡುತ್ತಿದ್ದೆವು. ಅಂದಿನಿಂದ ಸೋತ ರಾತ್ರಿಗಳ ಕೆಲಸ ಬೇರೆಯಾಗಿ ಹಂಚಿಕೊಂಡೆವು. ಮೂವರು ಬೈಗುಳ ತೆಗೆಯುವುದು, ಒಬ್ಬರು ಕೆಳಗೆ ಹೂತುಹೋದ ಒಳ್ಳೆಯ ಮಾತನ್ನು ಹುಡುಕಿ ಉತ್ತರ ಬರೆಯುವುದು, ಗಂಟೆಗೊಮ್ಮೆ ಬದಲು. ಹುಡುಕಿದರೆ ಸಿಗುತ್ತಿದ್ದವು. ಸಿಂಧನೂರಿನ ಲಾರಿ ಚಾಲಕನೊಬ್ಬ ಪ್ರತಿ ಸೋಲಿನ ದಿನ "ಚಿಂತಿ ಮಾಡಬ್ಯಾಡ ತಮ್ಮಾ, ಮುಂದಿನ ಮ್ಯಾಚ್ ಐತಿ" ಎಂದು ಬರೆಯುತ್ತಿದ್ದ. ಅದಕ್ಕೂ ಮೊದಲು ಅವನಿಗೆ ನಾವ್ಯಾರೂ ಒಂದು ಉತ್ತರ ಕೊಟ್ಟಿರಲಿಲ್ಲ.

ತಿಂಗಳ ವರದಿಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಸೀಸನ್ನಿನ ಕೊನೆಯ ವರದಿಗೆ ನಾನೇ ಒಂದು ಸಾಲು ಸೇರಿಸಿ ಕಳಿಸಿದೆ, ಸೋತ ದಿನ ಉತ್ತರ ಪಡೆದ ಅಭಿಮಾನಿಗಳು ಎಂದು. ಕ್ಲೈಂಟ್ ಕಡೆಯಿಂದ ಅದರ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಮುಂದಿನ ಸೀಸನ್ನಿನ ಹಾಳೆಯಲ್ಲೂ ಆ ಸಾಲನ್ನು ಉಳಿಸಿಕೊಂಡೆವು.